ಜೀವಾಣು ಔಷಧಿಯೂ ನಮ್ಮ ರೇಷ್ಮೆ ಹುಳುವೂ



ಈಗೀಗ ಗೊಬ್ಬರದ ಅಂಗಡಿಗೆ ಹೋದರೆ ಹೊಸ ತರಹದ ಪೊಟ್ಟಣವೊಂದು ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ಅದನ್ನು ಕೈಗಿಟ್ಟು, "ಇದು ಜೈವಿಕ ಔಷಧಿ. ಮನುಷ್ಯರಿಗೆ, ದನಕರುಗಳಿಗೆ ತೊಂದರೆಯಿಲ್ಲ. ಕಾಯಿಕೊರಕ ಹುಳು ಮಾತ್ರ ಸಾಯುತ್ತದೆ" ಎನ್ನುತ್ತಾರೆ. ಮಾತು ಸುಳ್ಳೇನಲ್ಲ. ಆದರೆ ಕೈಲಾಂಚ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಸೀಮೆಯಲ್ಲಿ ಅದರ ಜೊತೆಗೆ ಇನ್ನೊಂದು ಮಾತು ಸೇರಲೇಬೇಕು. ಕಾಯಿಕೊರಕವೂ ಹುಳು, ನಾವು ಮಕ್ಕಳಂತೆ ಸಾಕುವ ರೇಷ್ಮೆ ಹುಳುವೂ ಹುಳುವೇ ಅಲ್ಲವೇ? ಪಕ್ಕದ ಕೋಸಿನ ತಾಕಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಗತಿಯೇನು? ಇದನ್ನು ತಿಳಿಯದೆ ಹೋದರೆ ಇಪ್ಪತ್ತೈದು ದಿನದ ದುಡಿಮೆ ಎರಡೇ ದಿನದಲ್ಲಿ ಮಣ್ಣುಪಾಲಾದೀತು.

ಮೊದಲು ಆ ಪೊಟ್ಟಣದೊಳಗೆ ಇರುವುದೇನು ಎಂಬುದನ್ನು ನೋಡೋಣ. ಅದರಲ್ಲಿರುವುದು ಜೀವ. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಇವು ನಮಗೆ ಹೊಸಬರಲ್ಲ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೀರಿ, ಬೆಳಗ್ಗೆ ಮೊಸರು. ದೋಸೆ ಹಿಟ್ಟು ರುಬ್ಬಿಡುತ್ತೀರಿ, ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಬಾಯಿಗೆ ಬಂದಿರುತ್ತದೆ. ಈ ಕೆಲಸವೆಲ್ಲ ಸೂಕ್ಷ್ಮಜೀವಿಗಳದ್ದೇ. ನಮ್ಮ ತಾಯಂದಿರು ಹೆಸರು ತಿಳಿಯದೆಯೇ ತಲೆತಲಾಂತರದಿಂದ ಅವುಗಳನ್ನು ದುಡಿಸಿಕೊಂಡು ಬಂದಿದ್ದಾರೆ. ವಿಜ್ಞಾನಿಗಳು ಅವನ್ನು ಬೇರೆಬೇರೆ ಮಾಡಿ, ಗುಣ ತಿಳಿದು, ಬೇಕಾದ್ದನ್ನು ಬೆಳೆಸಿ ಪೊಟ್ಟಣ ಕಟ್ಟಿದರು. ಇದನ್ನೇ ಜೈವಿಕ ತಂತ್ರಜ್ಞಾನ ಎನ್ನುತ್ತಾರೆ.

ಇಲ್ಲೊಂದು ಸೋಜಿಗವಿದೆ. ಈ ವಿದ್ಯೆಯ ಎಷ್ಟೋ ದೊಡ್ಡ ಪಾಠಗಳು ಹುಟ್ಟಿದ್ದು ರೇಷ್ಮೆ ಹುಳು ಮನೆಯಲ್ಲಿ. ಸುಣ್ಣಕಟ್ಟು, ಗಂಟುರೋಗ, ಸಪ್ಪೆರೋಗ, ಹಾಲುತೊಂಡೆ. ಈ ನಾಲ್ಕು ಹೆಸರು ಕೇಳಿದರೆ ಹುಳು ಸಾಕುವವರ ಎದೆ ಝಲ್ಲೆನ್ನುತ್ತದೆ. ಈ ರೋಗಗಳ ಬೆನ್ನು ಹತ್ತಿ ಹೋದವರೇ ಲೋಕಕ್ಕೆ ಹೊಸ ದಾರಿ ತೋರಿಸಿದರು.

ಸುಣ್ಣಕಟ್ಟಿನಿಂದ ಶುರು ಮಾಡೋಣ. ತಂಪು, ತೇವ ಹೆಚ್ಚಾದ ದಿನಗಳಲ್ಲಿ ಹುಳು ಸತ್ತು, ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುವುದನ್ನು ನೀವು ಕಂಡಿದ್ದೀರಿ. ಇಟಲಿ ದೇಶದ ಅಗೊಸ್ಟಿನೊ ಬಾಸ್ಸಿ ಎಂಬಾತ ಹಲವು ವರ್ಷ ಇದರ ಹಿಂದೆ ಬಿದ್ದ. ಹವೆ ಕೆಟ್ಟದ್ದರಿಂದ, ಸೊಪ್ಪು ಕೆಟ್ಟದ್ದರಿಂದ ರೋಗ ಬರುತ್ತದೆಂದು ಜನ ನಂಬಿದ್ದ ಕಾಲ ಅದು. ಆ ಬಿಳಿ ಪುಡಿ ಜೀವವಿರುವ ಬೂಷ್ಟು, ಅದು ತಗುಲಿದರೆ ಒಳ್ಳೆಯ ಹುಳುವಿಗೂ ರೋಗ ಹತ್ತುತ್ತದೆ ಎಂದು 1835ರಲ್ಲಿ ಆತ ಪ್ರಕಟಿಸಿದ. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಪ್ರಯೋಗ ಮಾಡಿ ತೋರಿಸಿದವರಲ್ಲಿ ಆತನೇ ಮೊದಲಿಗ. ಆ ಬೂಷ್ಟಿಗೆ ಆತನ ಹೆಸರೇ ಸೇರಿ ಬ್ಯುವೇರಿಯಾ ಬ್ಯಾಸಿಯಾನ ಎಂದಾಯಿತು. ಇಂದು ಅಂಗಡಿಯಲ್ಲಿ "ಬ್ಯುವೇರಿಯಾ" ಎಂದು ಮಾರುವ ಪುಡಿ ಇದೇ ಬೂಷ್ಟು. ತರಕಾರಿ, ಕಾಫಿ ಬೆಳೆಯ ಕೀಟಗಳ ಮೈಮೇಲೆ ಮೊಳೆತು ಅವನ್ನು ಕೊಲ್ಲುತ್ತದೆ. ಅಲ್ಲಿ ಅದು ಔಷಧಿ. ನಿಮ್ಮ ತಟ್ಟೆಯ ಮೇಲೆ ಬಿದ್ದರೆ ಸುಣ್ಣಕಟ್ಟು.

ಎರಡನೆಯದು ಬಿ.ಟಿ. ಹತ್ತಿಯಿಂದಾಗಿ ಈ ಎರಡಕ್ಷರ ಎಲ್ಲರ ಕಿವಿಗೂ ಬಿದ್ದಿದೆ. ಇದರ ಹುಟ್ಟೂ ರೇಷ್ಮೆ ಮನೆಯದೇ. ಜಪಾನಿನಲ್ಲಿ ಚೆನ್ನಾಗಿ ಮೇಯುತ್ತಿದ್ದ ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದವು. ಇಶಿವಾಟ ಎಂಬ ವಿಜ್ಞಾನಿ 1901ರಲ್ಲಿ ಸತ್ತ ಹುಳುವಿನೊಳಗಿಂದ ಕಡ್ಡಿಯಾಕಾರದ ಒಂದು ಬ್ಯಾಕ್ಟೀರಿಯವನ್ನು ಹೊರತೆಗೆದ. ಹತ್ತು ವರ್ಷದ ಮೇಲೆ, 1911ರಲ್ಲಿ, ಜರ್ಮನಿಯ ಬರ್ಲಿನರ್ ಎಂಬಾತನಿಗೆ ಹಿಟ್ಟಿನ ಪತಂಗದ ಹುಳುವಿನಲ್ಲಿ ಅಂಥದೇ ಬ್ಯಾಕ್ಟೀರಿಯ ಸಿಕ್ಕಿತು. ತುರಿಂಜಿಯ ಎಂಬ ಸೀಮೆಯ ಹೆಸರನ್ನು ಸೇರಿಸಿ ಅದನ್ನು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಕರೆದರು. ಅದರ ಚಿಕ್ಕ ಹೆಸರೇ ಬಿ.ಟಿ. ಫ್ರಾನ್ಸಿನಲ್ಲಿ 1938ರಲ್ಲಿ ಇದನ್ನು ಕೀಟನಾಶಕವಾಗಿ ಮಾರಾಟಕ್ಕೆ ತಂದರು.

ಇದು ಕೆಲಸ ಮಾಡುವ ರೀತಿ ಹೀಗೆ. ಬಿ.ಟಿ. ತನ್ನೊಳಗೆ ಸಕ್ಕರೆಯ ಹರಳಿನಂಥ ಒಂದು ಸಣ್ಣ ಹರಳು ಕಟ್ಟುತ್ತದೆ. ಎಲೆ ತಿನ್ನುವ ಹುಳುವಿನ ಕರುಳಿನ ರಸ ಕ್ಷಾರ ಗುಣದ್ದು, ಸುಣ್ಣದ ತಿಳಿ ಇದ್ದಂತೆ. ಆ ರಸದಲ್ಲಿ ಹರಳು ಕರಗಿ ವಿಷವಾಗಿ ಕರುಳಿನ ಗೋಡೆಗೆ ತೂತು ಹಾಕುತ್ತದೆ. ಹುಳು ಮೇವು ಬಿಡುತ್ತದೆ, ಒಳಗೆ ನಂಜೇರಿ ಸಾಯುತ್ತದೆ. ನಮ್ಮ ಹೊಟ್ಟೆಯ ರಸವಾದರೋ ಹುಳಿ. ವಿಷ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಆದ್ದರಿಂದಲೇ ಬಿ.ಟಿ. ನಮ್ಮನ್ನು ಬಾಧಿಸದು. ಕೋಸಿನ ಹುಳು, ಅವರೆಯ ಕಾಯಿಕೊರಕ, ರೇಷ್ಮೆ ಹುಳು, ಇವೆಲ್ಲ ಪತಂಗದ ಮರಿಗಳು. ಕರುಳೂ ಒಂದೇ ಬಗೆಯದು. ಇದು ಶತ್ರು, ಇದು ನನ್ನ ಯಜಮಾನನ ಹುಳು ಎಂದು ಬಿ.ಟಿ.ಗೆ ಗೊತ್ತಾಗುವುದಾದರೂ ಹೇಗೆ?

ಹರಳು ಮಾಡುವ ಸೂತ್ರ ಬಿ.ಟಿ.ಯ ಜೀವಕೋಶದೊಳಗೆ ಇರುತ್ತದೆ. ಅದನ್ನು ಜೀನು ಎನ್ನುತ್ತಾರೆ. ಆ ಜೀನನ್ನು ತೆಗೆದು ಹತ್ತಿ ಗಿಡದ ಕೋಶಕ್ಕೆ ಸೇರಿಸಿದಾಗ ಗಿಡವೇ ಆ ವಿಷವನ್ನು ತಯಾರಿಸಿಕೊಂಡಿತು. ಭಾರತದಲ್ಲಿ ಬಿ.ಟಿ. ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ಬಿ.ಟಿ. ಬದನೆಗೆ ಮಾತ್ರ 2010ರಲ್ಲಿ ಸರ್ಕಾರ ತಡೆ ಹಾಕಿತು. ಬಿ.ಟಿ. ಹತ್ತಿ ಬೇರೆ, ಪೊಟ್ಟಣದ ಬಿ.ಟಿ. ಪುಡಿ ಬೇರೆ. ನಮ್ಮ ಹಿಪ್ಪುನೇರಳೆಗೆ ಅಪಾಯವಿರುವುದು ಸಿಂಪಡಿಸುವ ಪುಡಿಯಿಂದ ಮತ್ತು ದ್ರಾವಣದಿಂದ.

ಹಾಗಾದರೆ ಈ ಪೊಟ್ಟಣಗಳನ್ನು ಊರಿಗೇ ತರಬಾರದೇ ಎಂದು ಕೇಳಬಹುದು. ಹಾಗೇನಿಲ್ಲ. ಘಾಟು ವಿಷಗಳ ಬದಲು ಇವು ಬಂದದ್ದು ಒಳ್ಳೆಯದೇ. ಎಲ್ಲಿ ಹೊಡೆಯಬೇಕು, ಎಲ್ಲಿ ಕೂಡದು ಎಂಬ ವಿವೇಕವಿದ್ದರೆ ಸಾಕು. ರೇಷ್ಮೆ ಮನೆಯವರು ಇಷ್ಟನ್ನು ನೆನಪಿಡಿ.

ಒಂದು: ಬಿ.ಟಿ., ಬ್ಯುವೇರಿಯಾ, ಮೆಟಾರೈಜಿಯಂ, ಈ ಮೂರು ಹೆಸರಿನ ಯಾವುದನ್ನೂ ಹಿಪ್ಪುನೇರಳೆಗೆ ಹೊಡೆಯಬೇಡಿ. ಕುಡಿಯಲ್ಲಿ ಎಲೆಸುರುಳಿ ಹುಳು ಕಂಡಿತೆಂದು ಆತುರಪಟ್ಟು ಬಿ.ಟಿ. ಹೊಡೆದರೆ ಎಲೆಸುರುಳಿಯ ಜೊತೆ ಗೂಡೂ ಹೋಗುತ್ತದೆ.

ಎರಡು: ನೆರೆಯವರು ತರಕಾರಿ ಬೆಳೆಯುತ್ತಿದ್ದರೆ ಜಗಳಕ್ಕೆ ಮೊದಲೇ ಮಾತಾಡಿಕೊಳ್ಳಿ. "ಅಣ್ಣಾ, ನಮ್ಮ ಹುಳು ನಾಲ್ಕನೇ ಜ್ವರ ಎದ್ದಿದೆ, ಒಂದು ವಾರ ತಾಳು" ಎಂದರೆ ಯಾರೂ ಇಲ್ಲವೆನ್ನಲಾರರು. ಹೊಡೆಯಲೇಬೇಕಾದರೆ ಗಾಳಿಯಿಲ್ಲದ ಸಂಜೆ ಹೊತ್ತು ಹೊಡೆಯಲಿ. ಬಿಸಿಲಿಗೆ ಬಿ.ಟಿ. ಬೇಗ ಸತ್ತ್ವ ಕಳೆದುಕೊಳ್ಳುವುದರಿಂದ ಸಂಜೆ ಹೊಡೆದರೆ ಅವರ ಬೆಳೆಗೂ ಒಳ್ಳೆಯದೇ. ಆ ಅಂಚಿನ ಸಾಲುಗಳ ಸೊಪ್ಪನ್ನು ನೀವು ಹುಳುವಿಗೆ ಹಾಕಬೇಡಿ.

ಮೂರು: ಸೊಪ್ಪಿನ ಮೇಲೆ ಅನುಮಾನ ಬಂದರೆ ಹತ್ತಿಪ್ಪತ್ತು ಹುಳುಗಳನ್ನು ಬೇರೆ ತಟ್ಟೆಗೆ ಹಾಕಿ, ದೂರ ಇಟ್ಟು, ಆ ಸೊಪ್ಪು ಕೊಟ್ಟು ಒಂದೆರಡು ದಿನ ನೋಡಿ. ಮೇವು ಬಿಟ್ಟವೋ, ಆ ಸೊಪ್ಪು ಬೇಡ. ನೂರು ಮೊಟ್ಟೆಯ ಬೆಳೆ ಎಂದರೆ ನಲವತ್ತು, ಐವತ್ತು ಸಾವಿರ ಹುಳು. ಇಪ್ಪತ್ತು ಹುಳು ಹೋದರೆ ಹೋಗಲಿ, ಮಿಕ್ಕದ್ದು ಉಳಿಯಿತಲ್ಲ.

ನಾಲ್ಕು: ಔಷಧಿ ಹೊಡೆದ ಪಂಪನ್ನು ಹಿಪ್ಪುನೇರಳೆಗೆ ಬಳಸಬೇಡಿ. ಹೊಡೆದು ಬಂದವರು ಸಾಬೂನು ಹಚ್ಚಿ ಕೈಕಾಲು ತೊಳೆದು, ಬಟ್ಟೆ ಬದಲಾಯಿಸದೆ ಹುಳು ಮನೆಗೆ ಕಾಲಿಡಬಾರದು. ಪೊಟ್ಟಣವನ್ನು ಸೊಪ್ಪಿನ ಕೋಣೆಯಲ್ಲಿ ಇಡಲೇಬಾರದು.

ಐದು: ಸುಣ್ಣಕಟ್ಟಿದ ಹುಳುವನ್ನು ಬಿಳಿ ಪುಡಿ ಹಾರುವ ಮೊದಲೇ ಆರಿಸಿ ಸುಟ್ಟುಬಿಡಿ. ತಿಪ್ಪೆಗೆ ಎಸೆಯುವುದು, ಕೋಳಿಗೆ ಹಾಕುವುದು ಬೇಡ. ಕೋಳಿಯ ಕಾಲು, ಹಿಕ್ಕೆಗಳ ಜೊತೆ ರೋಗ ತೋಟಕ್ಕೆಲ್ಲ ಹಬ್ಬುತ್ತದೆ. ಬೆಳೆ ಎದ್ದ ಮೇಲೆ ಹುಳು ಮನೆ, ತಟ್ಟೆ, ಚಂದ್ರಿಕೆಗಳನ್ನು ಸೋಂಕು ತೊಳೆಯಿರಿ. ನೂರು ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ, ಇದು ಬಹುಕಾಲದಿಂದ ನಡೆದುಬಂದ ಅಳತೆ.

ಇನ್ನು ಗಂಟುರೋಗದ ಮಾತು. ಈ ರೋಗಕ್ಕೆ ಮದ್ದಿಲ್ಲ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿದು ಬರುವ ರೋಗ ಇದು. ಫ್ರಾನ್ಸಿನ ರೇಷ್ಮೆ ಸೀಮೆ ಇದರಿಂದ ಹಾಳಾಗುತ್ತಿದ್ದಾಗ ಲೂಯಿ ಪಾಶ್ಚರ್ ಎಂಬ ಮಹಾನುಭಾವ 1865ರಲ್ಲಿ ಅಲ್ಲಿಗೆ ಹೋಗಿ, ಕೆಲವು ವರ್ಷ ಶ್ರಮಪಟ್ಟು ದಾರಿ ಕಂಡುಹಿಡಿದ. ಒಂದೊಂದು ಚಿಟ್ಟೆಯನ್ನೂ ಬೇರೆಬೇರೆ ಮೊಟ್ಟೆ ಇಡಿಸುವುದು, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ಅಷ್ಟೇ. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ತಾಯಿ ಚಿಟ್ಟೆಯ ಈ ಪರೀಕ್ಷೆಯೇ. ಆದ್ದರಿಂದ ನಾಲ್ಕು ಕಾಸು ಉಳಿಯಿತೆಂದು ಪರೀಕ್ಷೆಯಾಗದ ಮೊಟ್ಟೆ ತಂದು ಮನೆಗೆ ರೋಗ ತಂದುಕೊಳ್ಳಬೇಡಿ.

ನಾಲ್ಕನೆಯದಾದ ಹಾಲುತೊಂಡೆಯ ಕಥೆ ಎಲ್ಲಕ್ಕಿಂತ ವಿಚಿತ್ರ. ಇದು ವೈರಸ್ಸಿನ ರೋಗ. ಈ ವೈರಸ್ಸು ಹುಳುವಿನ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಕಾರ್ಖಾನೆಯನ್ನು ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಇದನ್ನು ಬಲ್ಲ ಜಪಾನಿನ ಮಯೆದ ಮತ್ತು ಅವರ ಸಂಗಡಿಗರು ವೈರಸ್ಸಿನೊಳಗೆ ಮನುಷ್ಯನ ಒಂದು ಜೀನನ್ನು ಸೇರಿಸಿ ಹುಳುವಿಗೆ ಚುಚ್ಚಿದರು. ಆಗ ಹುಳುವಿನ ಮೈಯೊಳಗೆ ಇಂಟರ್‌ಫೆರಾನ್ ಎಂಬ, ಔಷಧಿಯಾಗಿ ಬಳಸುವ ವಸ್ತು ತಯಾರಾಯಿತು. ಇದು 1985ರಲ್ಲಿ ಪ್ರಕಟವಾದ ಸಂಗತಿ. ನಮ್ಮ ತಟ್ಟೆಯನ್ನು ಖಾಲಿ ಮಾಡುವ ರೋಗಾಣುವನ್ನೇ ಪಳಗಿಸಿ ನೊಗಕ್ಕೆ ಹೂಡಿದರು, ನೋಡಿ.

ಸೂಕ್ಷ್ಮಜೀವಿಗಳಲ್ಲಿ ರೇಷ್ಮೆಗೆ ನೇರವಾಗಿ ನೆರವಾಗುವವೂ ಇವೆ. ಗಾಳಿಯ ಐದು ಪಾಲಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ಸಾರಜನಕ. ಗಿಡ ಅದನ್ನು ಗಾಳಿಯಿಂದ ನೇರವಾಗಿ ಹೀರಲಾರದು. ಅಜಟೊಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯ ಅದನ್ನು ಹಿಡಿದು ಹಿಪ್ಪುನೇರಳೆಗೆ ಒದಗಿಸುತ್ತದೆ. ಹುರುಳಿ, ಅವರೆ, ಅಲಸಂದೆಯ ಬೇರಿನ ಗಂಟಿನಲ್ಲಿ ಕೂತು ರೈಜೋಬಿಯಂ ಇದೇ ಕೆಲಸ ಮಾಡುತ್ತದೆ. ಬೇರುಕೊಳೆಗೆ ಟ್ರೈಕೊಡರ್ಮ ಎಂಬ ಒಳ್ಳೆಯ ಬೂಷ್ಟಿದೆ. ಅದು ಕೊಳೆಯ ಬೂಷ್ಟನ್ನು ಹತ್ತಿಕ್ಕುತ್ತದೆ. ಇವನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಮಣ್ಣಿನಲ್ಲಿ ತೇವವಿರುವಾಗ ಬುಡಕ್ಕೆ ಹಾಕಿ ಮುಚ್ಚಬೇಕು. ಎಲೆಗೆ ಸೋಕುವ ಮಾತೇ ಇಲ್ಲ.

ಕೀಟಕ್ಕೆ ಕೀಟವೇ ಮದ್ದಾಗುವುದೂ ಉಂಟು. ಪರಂಗಿಯ ಬಿಳಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಹಿಪ್ಪುನೇರಳೆಗೂ ಹತ್ತಿ ರೈತರನ್ನು ಗೋಳಾಡಿಸಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೋದವರು 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಅದರ ವೈರಿಯಾದ ಪುಟ್ಟ ಕಣಜವನ್ನು ತರಿಸಿ ಬೆಳೆಸಿ ಬಿಟ್ಟರು. ತಿಗಣೆಯ ಹಾವಳಿ ತಗ್ಗಿತು. ಆ ಕಣಜ ರೇಷ್ಮೆ ಹುಳುವಿನ ತಂಟೆಗೆ ಬರಲಿಲ್ಲ.

ಕಡೆಯದಾಗಿ, ಪೊಟ್ಟಣದಲ್ಲಿರುವುದು ಜೀವವೆಂಬುದನ್ನು ಮರೆಯಬೇಡಿ. ಬಿಸಿಲಿಗೆ ಇಟ್ಟರೆ ಸಾಯುತ್ತದೆ. ರಾಸಾಯನಿಕ ವಿಷದ ಜೊತೆ ಕಲಸಿದರೂ ಸಾಯಬಹುದು. ತಾರೀಖು ಮೀರಿದ್ದು ಬರೀ ಬೂದಿ. ನೆರಳಲ್ಲಿ, ತಂಪಿನಲ್ಲಿ ಇಡಿ. ಕೊಳ್ಳುವಾಗ ಚೀಟಿ ಓದಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಒಳಗಿರುವ ಜೀವಿಯ ಹೆಸರೇನು, ರೇಷ್ಮೆ ಹುಳುವಿನ ಬಗ್ಗೆ ಎಚ್ಚರಿಕೆ ಬರೆದಿದೆಯೇ, ಎರಡನ್ನೂ ಕೇಳಿ. ಸಂಶಯವಿದ್ದರೆ ರೇಷ್ಮೆ ಇಲಾಖೆಯವರನ್ನು ವಿಚಾರಿಸಿ, ಆಮೇಲೆ ಪೊಟ್ಟಣ ಒಡೆಯಿರಿ.

ಜೈವಿಕ ಎಂದಾಕ್ಷಣ ಎಲ್ಲಕ್ಕೂ ಹಿತ ಎಂದು ತಿಳಿಯಬಾರದು. ಮೊಸರಿಗೆ ಹೆಪ್ಪು ಬೇಕು. ಅದೇ ಹೆಪ್ಪಿನ ಚಮಚ ಕಾಯಿಸುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಯಾವ ಜೀವಿ ಯಾವ ತಾಕಿಗೆ ಎಂಬುದನ್ನು ಅರಿತು ಬಳಸಿ. ನೆರೆಯವರ ಕೋಸೂ ಬೆಳೆಯಲಿ, ನಿಮ್ಮ ಗೂಡೂ ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋಗಲಿ.