ಕಡಲತೀರದ ರಕ್ಷಣೆಯಲ್ಲಿ ಉಪಗ್ರಹಗಳ ಪಾತ್ರ

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಕಡಲತೀರವು ಕೇವಲ ಒಂದು ಗೆರೆ. ವಿದ್ಯಾರ್ಥಿಯು ಅದನ್ನು ಸ್ಥಿರವೆಂದೇ ಭಾವಿಸುತ್ತಾನೆ. ವಾಸ್ತವವಾಗಿ ಆ ಗೆರೆ ಎಂದೂ ನಿಂತಲ್ಲಿ ನಿಲ್ಲುವುದಿಲ್ಲ. ಉಬ್ಬರವಿಳಿತಗಳಿಂದ ಪ್ರತಿದಿನವೂ, ಮಳೆಗಾಲದ ಅಲೆಗಳಿಂದ ಪ್ರತಿವರ್ಷವೂ ಅದು ಸರಿಯುತ್ತದೆ. ಈ ಚಲನೆಯನ್ನು ಅರಿಯದೆ ತೀರವನ್ನೂ ತೀರವಾಸಿಗಳನ್ನೂ ರಕ್ಷಿಸುವುದು ಅಸಾಧ್ಯ.

ಇದನ್ನು ಅರಿಯಲು ದೂರಸಂವೇದಿ ಉಪಗ್ರಹಗಳು ನೆರವಾಗುತ್ತವೆ. ಭಾರತದ ಐ.ಆರ್.ಎಸ್.-1ಎ ಉಪಗ್ರಹವು 1988ರಲ್ಲಿ ಕಕ್ಷೆಯನ್ನು ಸೇರಿತು. ಆಗ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್ ಅವರು ನಮ್ಮ ಕರಾವಳಿಯ ಅದಮಾರಿನವರೆಂಬುದು ಹೆಮ್ಮೆಯ ವಿಷಯ. ನೀರು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ; ಮರಳು, ಗಿಡಮರಗಳು ಅವನ್ನು ಪ್ರತಿಫಲಿಸುತ್ತವೆ. ಆದುದರಿಂದ ಚಿತ್ರದಲ್ಲಿ ಕಡಲು ಕಪ್ಪಾಗಿಯೂ ನೆಲ ಬೆಳಕಾಗಿಯೂ ಕಂಡು, ನಡುವಣ ಗೆರೆ ಸ್ಪಷ್ಟವಾಗುತ್ತದೆ. ಬೇರೆ ಬೇರೆ ವರ್ಷಗಳ ಇಂತಹ ಗೆರೆಗಳನ್ನು ಭೌಗೋಳಿಕ ಮಾಹಿತಿ ವ್ಯವಸ್ಥೆಯೆಂಬ ಗಣಕಯಂತ್ರ ವಿಧಾನದಿಂದ ಒಂದರ ಮೇಲೊಂದು ಇರಿಸಿದರೆ, ತೀರವು ಎಲ್ಲಿ ಎಷ್ಟು ಸರಿದಿದೆಯೆಂಬುದು ತಿಳಿಯುತ್ತದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಚಿತ್ರಗಳನ್ನು ಹೀಗೆ ಹೋಲಿಸಿದಾಗ, ದೇಶದ ಮುಖ್ಯಭೂಭಾಗದ ತೀರದಲ್ಲಿ ಸುಮಾರು ಮೂರನೆಯ ಒಂದು ಭಾಗವೂ ಕರ್ನಾಟಕದ ತೀರದಲ್ಲಿ ಸುಮಾರು ಕಾಲು ಭಾಗವೂ ಕೊರೆತಕ್ಕೆ ಒಳಗಾಗಿರುವುದು ಕಂಡುಬಂದಿತು.

ಎತ್ತರದಿಂದ ನೋಡುವುದರ ಲಾಭವನ್ನು ಮಂಗಳೂರಿನಲ್ಲಿ ಕಾಣಬಹುದು. ಅಲ್ಲಿ ನೇತ್ರಾವತಿ, ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ದೋಣಿಗಳ ಸುಗಮ ಸಂಚಾರಕ್ಕಾಗಿ ಅಳಿವೆಬಾಗಿಲಿನಲ್ಲಿ ತಡೆಗೋಡೆಗಳನ್ನು ಕಟ್ಟಲಾಯಿತು. ಅನಂತರದ ಚಿತ್ರಗಳಲ್ಲಿ ಬೆಂಗ್ರೆಯ ಕಡೆ ಮರಳು ಕೂಡಿಕೊಂಡಿರುವುದೂ ಉಳ್ಳಾಲದ ಕಡೆ ನೆಲ ಕೊರೆದುಹೋಗಿರುವುದೂ ಕಂಡವು. ಮರಳು ತೀರದುದ್ದಕ್ಕೂ ಸಾಗುವ ವಸ್ತು. ಒಂದೆಡೆ ಅದನ್ನು ತಡೆದರೆ ಇನ್ನೊಂದೆಡೆ ಕೊರತೆಯಾಗುತ್ತದೆ. ತನ್ನ ಅಂಗಳ ಕಡಲಪಾಲಾಗುವುದನ್ನು ನೋಡುತ್ತ ನಿಂತವನಿಗೆ ಈ ಕಾರಣ ಗೋಚರಿಸುವುದಿಲ್ಲ.

ಆದರೆ ಉಪಗ್ರಹಕ್ಕೂ ಮಿತಿಗಳಿವೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಅಗಲದ ಚೌಕ. ಒಂದು ಮನೆಯ ಹಿತ್ತಲು ಅದರಲ್ಲೇ ಅಡಗಿಹೋಗುತ್ತದೆ. ಕೊರೆತ ತೀವ್ರವಾಗಿರುವ ಮಳೆಗಾಲದಲ್ಲಿ ಮೋಡಗಳು ಅಡ್ಡಬರುತ್ತವೆ. ಮೋಡವನ್ನು ಭೇದಿಸಿ ನೋಡುವ ರಾಡಾರ್ ಉಪಗ್ರಹಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿವೆ.

ಗೆರೆಯ ನಿಖರತೆ ಕೇವಲ ಶಾಸ್ತ್ರದ ಪ್ರಶ್ನೆಯಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಪ್ರದೇಶವನ್ನು ನಿಯಂತ್ರಣಕ್ಕೆ ಒಳಪಡಿಸಿತು. 2019ರ ಅಧಿಸೂಚನೆಯಲ್ಲಿಯೂ ಈ ಗೆರೆಯೇ ಅಳತೆಯ ಮೂಲ. ನಿರ್ವಹಣಾ ನಕ್ಷೆಗಳ ಪ್ರಮಾಣ 1:25,000. ಅಂದರೆ ನಕ್ಷೆಯ ಒಂದು ಮಿಲಿಮೀಟರ್, ನೆಲದ 25 ಮೀಟರ್. ಪೆನ್ಸಿಲಿನ ಮೊನೆ ಕೊಂಚ ಸರಿದರೆ ಮೀನುಗಾರನ ಮನೆಯೊಂದು ನಿರ್ಬಂಧದ ಒಳಗೋ ಹೊರಗೋ ಆಗಿಬಿಡುತ್ತದೆ. ಆದುದರಿಂದಲೇ ಗ್ರಾಮದ ಸರ್ವೆ ನಕ್ಷೆಯೂ ಸ್ಥಳದಲ್ಲಿಯೇ ನಿಂತು ಮಾಡಿದ ಅಳತೆಯೂ ತೀರವಾಸಿಗಳ ಅನುಭವವೂ ಉಪಗ್ರಹದ ಚಿತ್ರದೊಡನೆ ಕೂಡಬೇಕು.

ಭೂಗೋಳವನ್ನು ಬೋಧಿಸುವ ಅಧ್ಯಾಪಕರು ಭೂಪಟದ ಆ ಗೆರೆಯನ್ನು ತೋರಿಸುವಾಗ, ಅದು ಚಲಿಸುತ್ತದೆಂಬುದನ್ನೂ ಅದರ ಬದಿಯಲ್ಲಿ ಜನರು ಬಾಳುತ್ತಿರುವರೆಂಬುದನ್ನೂ ಹೇಳಿದರೆ ಪಾಠ ಪೂರ್ಣವಾದೀತು.