ಕೋಳಿಯ ಕಂಬಳಿ, ಮರಿಯ ಚಳಿ

ಜನವರಿಯ ನಸುಕು. ಚಿಕ್ಕೋಡಿ ಕಡೆಯ ತೋಟದ ಮನೆಯೊಂದರ ಮುಂದಿನ ಬೇವಿನ ಗಿಡದಲ್ಲಿ ರಾತ್ರಿ ಕಳೆದ ಜವಾರಿ ಹ್ಯಾಟೆಗಳು ಕೆಳಗೆ ಹಾರುವ ಹೊತ್ತು. ಉಷ್ಣತೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೈ ಕೊಡವಿ ನೇರ ತಿಪ್ಪೆಗೆ ನಡೆದು ಕೆದರತೊಡಗುತ್ತವೆ. ಅದೇ ಮನೆಯ ಮೂಲೆಯಲ್ಲಿ ಬುಟ್ಟಿ ಕವುಚಿ, ಮೇಲೆ ಗೋಣಿತಟ್ಟು ಹೊದಿಸಿ ಜೋಪಾನ ಮಾಡಿದ್ದ ಒಂದು ವಾರದ ಮರಿಗಳಲ್ಲಿ ಎರಡು-ಮೂರು ಸತ್ತಿರುತ್ತವೆ. ಬಯಲಲ್ಲಿದ್ದವು ಬದುಕಿದವು, ಬೆಚ್ಚಗೆ ಮುಚ್ಚಿಟ್ಟವು ಹೋದವು. ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಥಂಡಿ ಕಾಲ ಪ್ರತಿ ವರ್ಷ ಒಡ್ಡುವ ಒಗಟಿದು.

ಬೆಳೆದ ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ. ಮನುಷ್ಯನಿಗೆ ಅಷ್ಟು ಏರಿದರೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಈ ಬಿಸಿಯನ್ನು ಹಿಡಿದಿಡುವುದು ಪುಕ್ಕಕ್ಕಿಂತ ಹೆಚ್ಚಾಗಿ ಪುಕ್ಕದ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿ. ಅಲುಗದೆ ನಿಂತ ಗಾಳಿ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಚಳಿ ಹತ್ತಿದಾಗ ಕೋಳಿ ಮೈಯುಬ್ಬಿಸಿ ಚೆಂಡಿನಂತಾಗುವುದು ಈ ಗಾಳಿಯ ಪದರವನ್ನು ದಪ್ಪ ಮಾಡಿಕೊಳ್ಳಲಿಕ್ಕೆ.

ಕಂಬಳಿಗೆ ತೂತುಗಳೂ ಇವೆ: ತಲೆಯ ಜುಟ್ಟು, ಗಲ್ಲದ ಜೋಲು, ಬರಿಗಾಲು. ಕಾಲಿನೊಳಗೆ ಒಂದು ಉಪಾಯ ಅಡಗಿದೆ. ಮೈಯಿಂದ ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ ಪಾದದಿಂದ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ದಾರಿಯಲ್ಲೇ ಏರುವ ರಕ್ತಕ್ಕೆ ಕೊಟ್ಟುಬಿಡುವುದರಿಂದ ಪಾದದ ಮೂಲಕ ಸೋರುವುದು ಕಡಿಮೆ. ಉಳಿದದ್ದಕ್ಕೆ ಕೋಳಿ ತಾನೇ ವ್ಯವಸ್ಥೆ ಮಾಡಿಕೊಳ್ಳುತ್ತದೆ. ಪಾದದ ಮೇಲೆ ಕುಕ್ಕರಿಸಿ, ತಲೆಯನ್ನು ರೆಕ್ಕೆಯಡಿ ತೂರಿಸಿ ಮಲಗುತ್ತದೆ. ಗೂಡಿನಲ್ಲಿ ಕೂರಲು ತೆಳ್ಳನೆಯ ಕೋಲಿನ ಬದಲು ಬೆರಳು ಪೂರ್ತಿ ಮೈಯಡಿ ಮುಚ್ಚುವಷ್ಟು ಅಗಲದ ಹಲಗೆ ಇದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ.

ಈ ತೂತುಗಳನ್ನೇ ಮುಚ್ಚಲು ಹೊರಟ ಸನ್ಯಾಸಿಯೊಬ್ಬರಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಊರಿನ ಮಠದ ಬ್ರದರ್ ವಿಲ್ಫ್ರಿಡ್ ಶಾತಲೇನ್ 1908ರಲ್ಲಿ ಹೊಸ ತಳಿಯ ಕೆಲಸ ಶುರುಮಾಡಿದರು. ಹಿಮ ಸುರಿಯುವ ಆ ನಾಡಿನಲ್ಲಿ ಕೋಳಿಗಳ ಎತ್ತರದ ಜುಟ್ಟು ಮರಗಟ್ಟಿ ಕೊಳೆಯುತ್ತಿತ್ತು. ಹಲವು ತಳಿಗಳನ್ನು ಬೆರೆಸುತ್ತ ಹೋಗಿ ಅವರು ಪಡೆದ ‘ಶಾಂಟೆಕ್ಲೇರ್’ ಕೋಳಿಗೆ ಜುಟ್ಟು ಹೆಸರಿಗಷ್ಟೆ, ತಲೆಗಂಟಿದ ಗುಬಟಿನಂತೆ. 1921ರಲ್ಲಿ ಅಮೆರಿಕದ ಕುಕ್ಕುಟ ಸಂಘ ಅದನ್ನು ತಳಿಯೆಂದು ಒಪ್ಪಿತು.

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೋಳಿಗೆ ಇಂಥ ಜುಟ್ಟು ಬೇಕಿಲ್ಲ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇಲ್ಲಿಯ ಕಾಟ ಬೇರೆ: ಮಧ್ಯಾಹ್ನ 30 ಡಿಗ್ರಿ ಮುಟ್ಟುವ ಬಿಸಿಲು, ನಸುಕಿಗೆ ಅದರ ಅರ್ಧಕ್ಕೂ ಕೆಳಗಿಳಿಯುವ ಥಂಡಿ, ಕೃಷ್ಣಾ-ದೂಧಗಂಗಾ ದಂಡೆಯ ಕಬ್ಬಿನ ಗದ್ದೆಗಳ ಇಬ್ಬನಿ.

ಈ ಏರಿಳಿತದಲ್ಲಿ ಸೋಲುವುದು ಮರಿ. ಮೊಟ್ಟೆಯೊಡೆದು ಬಂದ ಮರಿಗೆ ನವಿರಾದ ತುಪ್ಪಳವಿದೆ, ಗಾಳಿ ಹಿಡಿದಿಡುವ ಪುಕ್ಕವಿಲ್ಲ. ಪುಕ್ಕ ಮೂಡಲು ಮೂರು-ನಾಲ್ಕು ವಾರ ಬೇಕು. ಅದಕ್ಕೇ ಮೊದಲ ವಾರ ಸುತ್ತ 35 ಡಿಗ್ರಿ ಕಾವಿರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬಹುದು. 12 ಡಿಗ್ರಿಯ ನಸುಕಿಗೂ ಮರಿ ಬೇಡುವ ಕಾವಿಗೂ ನಡುವೆ 23 ಡಿಗ್ರಿಯ ಕಂದಕ. ಗೋಣಿತಟ್ಟು ಕಾವನ್ನು ಹುಟ್ಟಿಸಲಾರದು, ಇದ್ದರೆ ಹಿಡಿದಿಡಬಲ್ಲದು ಅಷ್ಟೆ. ಕಾವು ಸಾಲದ ಮರಿಗಳು ಒಂದರ ಮೇಲೊಂದು ಬಿದ್ದು ಗುಂಪಾಗುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ.

ಕಾವಿಗೆ ಕೂತ ಜವಾರಿ ಹ್ಯಾಟೆ ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಅದರ ಹೊಟ್ಟೆಯಡಿಯ ಪುಕ್ಕ ಉದುರಿ, ರಕ್ತ ತುಂಬಿದ ಬರಿಯ ಚರ್ಮ ಮೊಟ್ಟೆಗೂ ಮರಿಗೂ ನೇರ ತಾಕುತ್ತದೆ. ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಾ ಮರಿಗಳು ಮಾತ್ರ ಯಂತ್ರದ ಕಾವಿನಲ್ಲಿ ಹುಟ್ಟಿ, ತಾಯಿಯಿಲ್ಲದೆ ಪೆಟ್ಟಿಗೆಯಲ್ಲಿ ಊರಿಗೆ ಬರುತ್ತವೆ. ಅವಕ್ಕೆ ಬಲ್ಬೇ ತಾಯಿ. ಮರಿಯೊಂದಕ್ಕೆ 2 ವ್ಯಾಟ್ ಎಂಬ ಲೆಕ್ಕದಲ್ಲಿ 30 ಮರಿಗೆ 60 ವ್ಯಾಟ್‌ನ ಹಳೆಯ ಹಳದಿ ಬಲ್ಬ್ ಬೇಕು. ಅದು ಉಣ್ಣುವ ವಿದ್ಯುತ್ತಿನ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ. ಬೆಳಕು ಸಮವೆಂದು 9 ವ್ಯಾಟ್‌ನ ಎಲ್‌ಇಡಿ ತೂಗುಹಾಕಿದರೆ ಮರಿಗಳು ಬೆಳಕಿನಲ್ಲೇ ನಡುಗುತ್ತವೆ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳನ್ನೇ ಓದಬಹುದು. ಬಲ್ಬಿನಡಿ ಗುಂಪುಗೂಡಿ ಕಿರುಚಿದರೆ ಕಾವು ಸಾಲದು. ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು. ಒಂದೇ ಬದಿಗೆ ಒತ್ತಿಕೊಂಡರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಹರಡಿ ಮಲಗಿದ್ದರೆ ಕಾವು ಸರಿಯಿದೆ. ಕರೆಂಟು ಹೋದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಡುವುದು ಅಪಾಯ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಮರಿಗೂ ಮನೆಯವರಿಗೂ ವಿಷ.

ದೊಡ್ಡ ಕೋಳಿಗಳ ಗೂಡಿನಲ್ಲಿ ತಪ್ಪು ಇನ್ನೊಂದು ದಿಕ್ಕಿನದು. ಚಳಿಗೆ ಹೆದರಿ ಸಂದಿಯೆಲ್ಲ ಮುಚ್ಚುತ್ತಾರೆ. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಅದರಲ್ಲಿ ಹೆಚ್ಚಿನದು ಹಿಕ್ಕೆಯಾಗಿ, ಉಸಿರಿನ ಆವಿಯಾಗಿ ಗೂಡಿಗೇ ಮರಳುತ್ತದೆ. ಹತ್ತು ಕೋಳಿಯೆಂದರೆ ದಿನಕ್ಕೆ ಎರಡು ಲೀಟರಿನ ಮೇಲೆ ಕುಡಿತ. ಹೊರಹೋಗಲು ದಾರಿಯಿಲ್ಲದ ಆ ತೇವ ಪುಕ್ಕ ನೆನೆಸುತ್ತದೆ, ಸಿಕ್ಕಿಬಿದ್ದ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ಕಂಬಳಿ ಕೆಲಸ ಬಿಡುತ್ತದೆ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣು, ಉಸಿರುನಾಳ ಎರಡನ್ನೂ ಕೆಡಿಸುತ್ತದೆ. ಆದ್ದರಿಂದ ಗೋಣಿ ಪರದೆ ಕೋಳಿ ಕೂರುವ ಮಟ್ಟದವರೆಗೆ, ಗಾಳಿ ಬೀಸುವ ಬದಿಗೆ ಇದ್ದರೆ ಸಾಕು; ಮಾಡಿನ ಕೆಳಗಿನ ಒಂದು ಗೇಣು ತೆರೆದೇ ಇರಲಿ.

ಥಂಡಿಯಲ್ಲಿ ಸತ್ತದ್ದೆಲ್ಲ ಥಂಡಿಗೇ ಸತ್ತದ್ದಲ್ಲ. ಹಿಂಡಿಗೆ ಹಿಂಡೇ ಕತ್ತು ತಿರುಚಿ, ಹಸಿರು ಭೇದಿ ಮಾಡಿ ಬಿದ್ದರೆ ಅದು ರಾಣಿಖೇತ್ ಎಂಬ ಕೊಕ್ಕರೆ ರೋಗ ಇರಬಹುದು. ಅದು ವೈರಸ್‌ನ ಕೆಲಸ. ಅದಕ್ಕೆ ಮರಿಯ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆ ಬೇಕು, ಬಲ್ಬಲ್ಲ.

ಸಂಜೆ ಗೂಡು ಸೇರುವ ಮೊದಲು ಒಂದು ಹಿಡಿ ಗೋವಿನಜೋಳ ಎರಚಿದರೆ ಕತ್ತಿನ ಬುಡದ ತುಂಬಿದ ಮೇವುಚೀಲ ರಾತ್ರಿಯಿಡೀ ಕರಗುತ್ತ ಒಳಗಿನ ಒಲೆ ಆರದಂತೆ ನೋಡಿಕೊಳ್ಳುತ್ತದೆ. ನೆಲಕ್ಕೆ ಹಾಸಲು ಈ ಭಾಗದಲ್ಲಿ ಕೊರತೆಯಿಲ್ಲ: ಕಬ್ಬು ಕಡಿದ ಗದ್ದೆಯಲ್ಲಿ ಬೆಂಕಿಗೆ ಹೋಗುವ ರವದಿಯನ್ನು ಒಣಗಿಸಿ, ಸಣ್ಣಗೆ ಕೊಚ್ಚಿ ಗೇಣು ದಪ್ಪಕ್ಕೆ ಹರಡಬಹುದು. ಆಗಾಗ ಕೆದರಿದರೆ ಹಿಕ್ಕೆಯೊಂದಿಗೆ ನಿಧಾನ ಕೊಳೆಯುತ್ತ ತುಸು ಬಿಸಿಯನ್ನೂ ಕೊಡುತ್ತದೆ. ತೇವ ತಿಳಿಯಲು ಅದನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟು ನೋಡಬೇಕು. ತಾನಾಗಿ ಉದುರಿದರೆ ಆ ವಾರಕ್ಕೆ ತೊಂದರೆಯಿಲ್ಲ. ಉಂಡೆಯಾಗಿ ನಿಂತರೆ ಅದನ್ನು ಎತ್ತಿ ಹೊಲಕ್ಕೆ ಹಾಕಿ, ಬಿಸಿಲು ಕಂಡ ಹೊಸ ರವದಿ ಹಾಸಬೇಕು.