ಕೌಟಿಲ್ಯನ ಆಯುಧಾಗಾರಾಧ್ಯಕ್ಷ

ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ ಹದಿನೆಂಟನೆಯ ಅಧ್ಯಾಯವು ಆಯುಧಾಗಾರಾಧ್ಯಕ್ಷನಿಗೆ ಮೀಸಲಾಗಿದೆ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಈ ಗ್ರಂಥದ ಮೂಲವನ್ನು ಅಚ್ಚುಹಾಕಿಸಿದಂದಿನಿಂದ ಈ ಅಧ್ಯಾಯವನ್ನು ಓದಿದವರ ದೃಷ್ಟಿಯು ಬಹುಮಟ್ಟಿಗೆ ಅದರೊಳಗಣ ಆಯುಧನಾಮಗಳಲ್ಲಿಯೇ ನೆಟ್ಟಿದೆ. ಸರ್ವತೋಭದ್ರ, ಜಾಮದಗ್ನ್ಯ, ಬಹುಮುಖ ಮೊದಲಾದ ಸ್ಥಿತಯಂತ್ರಗಳು ಎಂತಹವು, ಚಲಯಂತ್ರಗಳಲ್ಲಿ ಎಣಿಸಲ್ಪಟ್ಟ ಶತಘ್ನಿಯು ಸಿಡಿಮದ್ದಿನ ಆಯುಧವೋ ಅಲ್ಲವೋ ಎಂಬ ಚರ್ಚೆಯು ದೀರ್ಘವಾಗಿ ನಡೆದುಬಂದಿದೆ. ಆ ಪಟ್ಟಿಗೆ ಮುಂಚೆ ಬರುವ ಕೆಲವೇ ಸೂತ್ರಗಳು ಅಷ್ಟು ಆದರವನ್ನು ಪಡೆದಿಲ್ಲ. ಅಧ್ಯಾಯದ ಸಾರವಾದರೋ ಅವುಗಳಲ್ಲಿಯೇ ಇದೆ.

ಆ ಸೂತ್ರಗಳು ಅಧ್ಯಕ್ಷನ ಕರ್ತವ್ಯವನ್ನು ಎರಡು ಬಗೆಯಾಗಿ ನಿರೂಪಿಸುತ್ತವೆ. ಮೊದಲನೆಯದು ಮಾಡಿಸುವಿಕೆ. ಯುದ್ಧಕ್ಕೂ ದುರ್ಗರಕ್ಷಣೆಗೂ ಶತ್ರುನಗರದ ಮುತ್ತಿಗೆಗೂ ಬೇಕಾದ ಯಂತ್ರ, ಆಯುಧ, ಕವಚಗಳನ್ನು ಆಯಾ ಕೆಲಸದಲ್ಲಿ ನುರಿತ ಕಾರುಗಳಿಂದಲೂ ಶಿಲ್ಪಿಗಳಿಂದಲೂ ಮಾಡಿಸತಕ್ಕದ್ದು. ಕೆಲಸದ ಪ್ರಮಾಣ, ಕಾಲ, ವೇತನ, ಫಲ ಇವುಗಳನ್ನು ಮೊದಲೇ ಗೊತ್ತುಮಾಡಿರತಕ್ಕದ್ದು. ಎರಡನೆಯದು ಕಾಪಾಡುವಿಕೆ. ಸಿದ್ಧವಾದ ವಸ್ತುವನ್ನು ಅದಕ್ಕೆ ತಕ್ಕ ಸ್ಥಳದಲ್ಲಿಟ್ಟರೆ ಸಾಲದು. ಆಗಾಗ್ಗೆ ಅದರ ಸ್ಥಳವನ್ನು ಬದಲಿಸಬೇಕು, ಬಿಸಿಲಿಗೂ ಗಾಳಿಗೂ ಒಡ್ಡಬೇಕು. ಶಾಖ, ತೇವ, ಹುಳು ಈ ಮೂರರಿಂದ ಕೆಡುತ್ತಿರುವುದನ್ನು ಬೇರೆ ರೀತಿಯಲ್ಲಿ ಇಡಬೇಕು. ಈ ಮೂರನ್ನೇ ಹೆಸರಿಸಿರುವುದು ಯಾದೃಚ್ಛಿಕವಲ್ಲ. ತಾಳೆ, ಬಿದಿರು, ಮರ, ಕೊಂಬುಗಳ ಬಿಲ್ಲುಗಳನ್ನೂ, ಮೂರ್ವೆ, ಎಕ್ಕ, ಸಣಬುಗಳ ನಾರಿನಿಂದಲೂ ಸ್ನಾಯುವಿನಿಂದಲೂ ಆದ ಹೆದೆಗಳನ್ನೂ ಇದೇ ಅಧ್ಯಾಯವು ಮುಂದೆ ಹೇಳುತ್ತದೆ. ಕಬ್ಬಿಣಕ್ಕೆ ತೇವವು ಹಗೆ. ಹೆದೆಗೆ ಹುಳುವೂ ಹಗೆಯೇ. ಅತಿಯಾದ ಶಾಖವು ಬಿದಿರನ್ನು ಸೀಳಿಸುತ್ತದೆ. ಒಂದೇ ಕೋಣೆಯಲ್ಲಿ ಎಲ್ಲವನ್ನೂ ರಾಶಿಹಾಕಿ ಬೀಗವಿಕ್ಕುವ ಉಗ್ರಾಣಿಕನಿಗೂ ಈ ಅಧ್ಯಕ್ಷನಿಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ.

ಇಷ್ಟಾದರೂ ಆಯುಧಗಳ ಹೊಣೆಯೆಲ್ಲವೂ ಇವನೊಬ್ಬನ ಮೇಲಿಲ್ಲ. ಆಯುಧಾಗಾರದ ಕಟ್ಟಡವನ್ನು ಕಟ್ಟಿಸುವವನು ಸನ್ನಿಧಾತೃ. ಮರ, ಬಿದಿರು, ಚರ್ಮ, ಸ್ನಾಯುಗಳನ್ನು ವನಪಾಲರ ಮೂಲಕ ತರಿಸುವವನು ಕುಪ್ಯಾಧ್ಯಕ್ಷ. ನೂಲಿನ ಕವಚವೂ ಹಗ್ಗವೂ ಸೂತ್ರಾಧ್ಯಕ್ಷನ ಪಾಲಿನವು. ರಥಗಳನ್ನು ಮಾಡಿಸುವ ಕೆಲಸ ರಥಾಧ್ಯಕ್ಷನದು. ಒಂದು ವಸ್ತುವು ಕಾಡಿನಿಂದ ಹೊರಟು ಯೋಧನ ಕೈಯನ್ನು ಸೇರುವವರೆಗೆ ಹಲವು ಲೆಕ್ಕಗಳನ್ನು ಹಾಯ್ದುಬರಬೇಕೆಂಬುದೇ ಶಾಸ್ತ್ರಕಾರನ ಅಭಿಪ್ರಾಯವೆಂದು ತೋರುತ್ತದೆ. ಆದುದರಿಂದಲೇ ಆಯುಧಾಗಾರಾಧ್ಯಕ್ಷನು ಪ್ರತಿಯೊಂದು ವಸ್ತುವಿನ ಜಾತಿ, ರೂಪ, ಲಕ್ಷಣ, ಅಳತೆಗಳೊಡನೆ ಅದು ಎಲ್ಲಿಂದ ಬಂದಿತು, ಬೆಲೆಯೇನು, ಎಲ್ಲಿ ಇಡಲಾಗಿದೆ ಎಂಬುದನ್ನೂ ತಿಳಿದಿರಬೇಕೆಂದು ವಿಧಿಸಿದೆ.

ಯೋಧನ ಹೊಣೆಯನ್ನು ಹುಡುಕುವವರು ಐದನೆಯ ಅಧಿಕರಣದ ಮೂರನೆಯ ಅಧ್ಯಾಯಕ್ಕೆ ಹೋಗಬೇಕು. ರಾಜಮುದ್ರೆಯನ್ನೊತ್ತಿದ ಶಸ್ತ್ರ ಕವಚಗಳನ್ನು ಆಯುಧಾಗಾರಕ್ಕೆ ಸೇರಿಸಬೇಕು. ಮುದ್ರೆಯ ಅನುಮತಿಯಿಲ್ಲದವರು ಶಸ್ತ್ರವಿಲ್ಲದೆಯೇ ಸಂಚರಿಸಬೇಕು. ಕಳೆದುಹೋದುದಕ್ಕೂ ಹಾಳುಮಾಡಿದುದಕ್ಕೂ ಇಮ್ಮಡಿ ತೆರಬೇಕು. ನಾಶವಾದವುಗಳ ಗಣನೆಯನ್ನು ಬೇರೆ ಇಡಬೇಕು. ಇತ್ತ ಆಯುಧಾಗಾರದ ಅಧ್ಯಾಯದ ಕೊನೆಯ ಶ್ಲೋಕವಾದರೋ ಬೇಡಿಕೆ, ತಯಾರಿಕೆ, ಪ್ರಯೋಗ, ವಂಚನೆ ಇವುಗಳ ಜೊತೆಗೆ ಕ್ಷಯವನ್ನೂ ವ್ಯಯವನ್ನೂ ಅಧ್ಯಕ್ಷನು ಅರಿಯಬೇಕೆನ್ನುತ್ತದೆ. ಈ ಎರಡು ಸ್ಥಳಗಳನ್ನು ಕೂಡಿಸಿ ಓದಿದಲ್ಲದೆ ಕ್ಷಯ ಎಂಬ ಪದದ ಬೆಲೆ ತಿಳಿಯದು. ಬಳಕೆಯಿಂದ ತಾನಾಗಿ ಸವೆಯುವುದು ಕ್ಷಯ. ಅದು ಯಾರ ತಪ್ಪೂ ಅಲ್ಲ, ಅದನ್ನು ಅರಿತಿರುವುದು ಅಧ್ಯಕ್ಷನ ಕೆಲಸ. ನಷ್ಟ ವಿನಷ್ಟಗಳು ಬೇರೆ, ಅವುಗಳಿಗೆ ದಂಡವುಂಟು. ಸವೆದ ಕತ್ತಿಗೂ ಕಳೆದ ಕತ್ತಿಗೂ ಒಂದೇ ದಂಡವಾದರೆ ಯಾವ ಯೋಧನೂ ಕತ್ತಿಯನ್ನು ಒರೆಯಿಂದ ಹಿರಿಯಲು ಹಿಂಜರಿದಾನು. ಕ್ಷಯವನ್ನು ಬರಿಯ ನಷ್ಟವೆಂದು ಅರ್ಥಮಾಡಿದರೆ ಈ ವಿವೇಕವು ಮರೆಯಾಗುತ್ತದೆ.

ಇನ್ನು ಅಧ್ಯಕ್ಷನನ್ನು ನೋಡಿಕೊಳ್ಳುವವರು ಯಾರು? ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದಂತೆ ಪ್ರತಿಯೊಬ್ಬ ಅಧ್ಯಕ್ಷನೂ ಸಂಖ್ಯಾಯಕ, ಲೇಖಕ, ನಾಣ್ಯಪರೀಕ್ಷಕ, ನೀವೀಗ್ರಾಹಕ, ಉತ್ತರಾಧ್ಯಕ್ಷ ಇವರೊಡಗೂಡಿ ಕೆಲಸ ನಡೆಸತಕ್ಕದ್ದು. ಉತ್ತರಾಧ್ಯಕ್ಷರು ಆನೆ, ಕುದುರೆ, ರಥಗಳನ್ನೇರುವವರೆಂದು ಅಲ್ಲಿಯೇ ಹೇಳಿದೆ. ಈ ನಿಯಮವನ್ನು ಆಯುಧಾಗಾರಕ್ಕೆ ಅನ್ವಯಿಸಿದರೆ, ಆಯುಧವನ್ನು ಹಿಡಿದು ಬಲ್ಲವರೇ ಅದನ್ನು ಕಾಯುವವನ ಮೇಲ್ವಿಚಾರಕರಾದಂತಾಯಿತು. ಅವರ ಶಿಷ್ಯರು ಲೆಕ್ಕಿಗರ ಮೇಲೆ ಗೂಢಚಾರರಾಗಿರಬೇಕೆಂಬ ಮಾತೂ ಇದೆ. ಕೌಟಿಲ್ಯನ ಸ್ವಭಾವವನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನುಂಟುಮಾಡದು. ಇವೆಲ್ಲವೂ ವಿಧಿವಾಕ್ಯಗಳು, ಯಾವುದೊಂದು ರಾಜ್ಯದಲ್ಲಿ ಹೀಗೆಯೇ ನಡೆಯಿತೆಂಬುದಕ್ಕೆ ಇವೇ ಪ್ರಮಾಣವಾಗಲಾರವು.

ವೇತನದ ಪಟ್ಟಿಯೂ ಒಂದು ಸಂಗತಿಯನ್ನು ಹೊರಗೆಡಹುತ್ತದೆ. ಪದಾತಿ, ಅಶ್ವ, ರಥ, ಗಜಗಳ ಅಧ್ಯಕ್ಷರಿಗೆ ೪೦೦೦ ಪಣ. ಆಯುಧಾಗಾರಾಧ್ಯಕ್ಷನ ಹೆಸರು ಅಲ್ಲಿ ಬೇರೆಯಾಗಿ ಬಾರದೆ, ಎಲ್ಲ ಅಧ್ಯಕ್ಷರಿಗೂ ಸಾಮಾನ್ಯವಾದ ೧೦೦೦ ಪಣದಲ್ಲಿ ಅಡಗಿದೆ. ಸಾಮಾನ್ಯ ಕಾರುಶಿಲ್ಪಿಗಳಿಗೆ ೧೨೦ ಪಣ. ಆದರೆ ವರ್ಧಕಿಗೆ, ಎಂದರೆ ಮರಗೆಲಸದ ಆಚಾರಿಗೆ, ರಥಿಕನೊಡನೆ ೨೦೦೦ ಪಣವನ್ನು ಗೊತ್ತುಮಾಡಿದೆ. ಮಾಡಬಲ್ಲವನು ಮಾಡಿಸುವವನ ಇಮ್ಮಡಿಯನ್ನು ಪಡೆಯುತ್ತಿದ್ದನು.